ಮೇಜರ್ ಆಕಳಿಸುತ್ತಿದ್ದ ವರ್ಷ

ಹೋದ ವಾರ ನಮ್ಮ ರಾಮಕೃಷ್ಣನಗರದ ಮನೆಯಲ್ಲಿ ಸೊಸೆ ಸಾರಿನ ಪುಡಿಗೆ ಮೆಣಸಿನಕಾಯಿ ಹುರಿಯುತ್ತಿದ್ದಳು. ಅಷ್ಟರಲ್ಲಿ ಫೋನು ಬಂತು, ಮಾತಿನಲ್ಲಿ ಬಾಣಲೆ ಮರೆತಳು. ಘಾಟು ಎದ್ದು ಮನೆಮಂದಿಯೆಲ್ಲ ಕೆಮ್ಮುತ್ತ ಹೊರಗೆ ಓಡಿಬಂದೆವು. ಕೆಳಗಿನ ಮನೆಯ ಬಾಡಿಗೆಯವರ ನಾಯಿ ಗೇಟಿನ ಹತ್ತಿರ ನಿಂತಿತ್ತು. ಅದು ಒಂದು ಸಲ ಸೀನಿತು, ತುಟಿ ನೆಕ್ಕಿಕೊಂಡಿತು, ಆಮೇಲೆ ಬಾಯಿ ಅಗಲಿಸಿ ಉದ್ದಕ್ಕೆ ಆಕಳಿಸಿತು.

“ನೋಡಿ ಅಜ್ಜಿ, ನಾವೆಲ್ಲ ಕೆಮ್ಮಿ ಸಾಯ್ತಾ ಇದ್ರೆ ಇವನಿಗೆ ನಿದ್ದೆ” ಎಂದು ಕೆಳಗಿನ ಮನೆಯ ಹುಡುಗಿ ನಕ್ಕಳು.

“ನಿದ್ದೆ ಅಲ್ಲ ಕಣಮ್ಮ, ಅವನಿಗೆ ಗಾಬರಿ” ಎಂದೆ. ಅವಳು ನಂಬಲಿಲ್ಲ. ಅದರಲ್ಲಿ ಅವಳ ತಪ್ಪೇನೂ ಇಲ್ಲ. ಅರವತ್ತು ವರ್ಷಕ್ಕೂ ಹಿಂದೆ ಇದೇ ಊರಿನ ಮಂಡಿ ಮೊಹಲ್ಲಾದಲ್ಲಿ ನಮ್ಮ ಮನೆಯವರೂ ನಂಬಿರಲಿಲ್ಲ.

ಆಗ ನನಗೆ ಹತ್ತೊಂಬತ್ತು. ಕನ್ನಡದ ಊರುಗಳೆಲ್ಲ ಸೇರಿ ರಾಜ್ಯ ದೊಡ್ಡದಾದ ಮರುವರ್ಷ ಕಾರ್ತಿಕದಲ್ಲಿ, ಗುಂಡ್ಲುಪೇಟೆ ಕಡೆಯ ಹಳ್ಳಿಯಿಂದ ಮದುವೆಯಾಗಿ ಆ ಮನೆಗೆ ಬಂದೆ. ಮುಂದುಗಡೆ ಒಣಮೆಣಸಿನಕಾಯಿ ಮಂಡಿ, ಹಿಂದುಗಡೆ ಮನೆ, ನಡುವೆ ಒಂದೇ ಬಾಗಿಲು. ಆ ಬಾಗಿಲು ತೆರೆದಾಗಲೆಲ್ಲ ಘಾಟು ಒಳಗೆ ಬಂದು ಎಲ್ಲರನ್ನೂ ಮಾತಾಡಿಸಿಕೊಂಡು ಹೋಗುತ್ತಿತ್ತು. ಮನೆಯವರಿಗೆ ಅಭ್ಯಾಸವಾಗಿತ್ತು, ನನಗೆ ಆಗಿರಲಿಲ್ಲ. ಮೊದಲ ವಾರವೆಲ್ಲ ನನ್ನ ಕಣ್ಣು ಮೂಗು ಕೆಂಪಗೆ ಸುರಿಯುತ್ತಿದ್ದುದನ್ನು ಕಂಡು, ಹೊಸ ಸೊಸೆ ತವರು ನೆನೆದು ಅಳುತ್ತಿದ್ದಾಳೆ ಎಂದು ನೆರೆಯ ಹೆಂಗಸರು ಅತ್ತೆಗೆ ಸಮಾಧಾನ ಹೇಳಿ ಹೋದರು. ನಿಜ ಹೇಳಬೇಕೆಂದರೆ ನಾನು ಎರಡಕ್ಕೂ ಅಳುತ್ತಿದ್ದೆ.

ಮಾವ ಗುರುಸಿದ್ದಪ್ಪನವರಿಗೆ ಇಡೀ ಬೀದಿ ಹೆದರುತ್ತಿತ್ತು. ಮಂಡಿಯಲ್ಲಿ ಹಮಾಲರನ್ನು ಅವರು ಗದರಿದರೆ ಎದುರು ಮನೆಯ ಹಸು ಮೇವು ಬಿಟ್ಟು ತಲೆ ಎತ್ತುತ್ತಿತ್ತು. ಮನೆಯೊಳಗೆ ಬಂದರೆ ಮಾತ್ರ ಮಾತು ಕಡಿಮೆ. “ಹೂಂ” ಅಂದರೆ ಆಗಲಿ, “ಹ್ಞಾ?” ಅಂದರೆ ಕೂಡದು. ನಾನು ಅವರಿಗೆ ಕಾಫಿ ಕೊಡುವಾಗ ಲೋಟಕ್ಕಿಂತ ತಟ್ಟೆಯಲ್ಲೇ ಹೆಚ್ಚು ಕಾಫಿ ಇರುತ್ತಿತ್ತು.

ನಾನು ಬಂದ ಹತ್ತನೆಯ ದಿನಕ್ಕೆ ಮೇಜರ್ ಬಂದ. ಮಾವನ ಸ್ನೇಹಿತರಾದ ಒಬ್ಬ ಇಂಜಿನಿಯರು ದೂರದೂರಿಗೆ ವರ್ಗವಾಗಿ ಹೋಗುವಾಗ ತಮ್ಮ ಅಲ್ಸೇಷಿಯನ್ ನಾಯಿಯನ್ನು ಮಂಡಿ ಕಾಯುವುದಕ್ಕೆ ಆಗುತ್ತದೆಂದು ಬಿಟ್ಟುಹೋಗಿದ್ದರು. ಕರು ಗಾತ್ರದ ನಾಯಿ, ನೆಟ್ಟನೆಯ ಕಿವಿ, ನೋಡಿದವರ ಎದೆ ಧಸಕ್ಕೆನ್ನಬೇಕು. ಆದರೆ ಹಮಾಲರು ಚೀಲ ಧೊಪ್ಪೆಂದು ಇಳಿಸಿದರೆ ಮೊದಲು ಧಸಕ್ಕೆನ್ನುತ್ತಿದ್ದುದು ಅದರ ಎದೆಯೇ. ತಕ್ಕಡಿಯ ಸರಪಳಿ ಗಲಗಲ ಎಂದರೆ ಗೋಡೆಗೆ ಅಂಟುತ್ತಿತ್ತು. ಜಟಕಾದ ಕುದುರೆ ಕೆನೆದರೆ ನೇರ ಅಡಿಗೆಮನೆಗೆ ಬಂದು ನನ್ನ ಸೀರೆಯ ಹಿಂದೆ ನಿಲ್ಲುತ್ತಿತ್ತು. ಆ ಮನೆಯಲ್ಲಿ ನನ್ನ ಹಿಂದೆ ಅಡಗಿಕೊಳ್ಳುವವರೂ ಒಬ್ಬರಿದ್ದಾರಲ್ಲ ಎಂದು ನನಗೆ ಅದರ ಮೇಲೆ ಪ್ರಾಣ ಬಂತು. ಯಾರು ಕೊಟ್ಟರೂ ತಿನ್ನದ ನಾಯಿ ನನ್ನ ಕೈಯಿಂದ ರೊಟ್ಟಿ ತಿಂದಿತು.

ಮಾವ ಅದನ್ನು ಮಂಡಿಯ ಬಾಗಿಲಲ್ಲಿ ಕಟ್ಟಿಸಿ “ಬಾಗಿಲು ಕಾಯಿ” ಎಂದರು. ಅದು ಆಕಳಿಸಿತು. ಅಲ್ಲಿಂದ ಶುರುವಾಯಿತು ನೋಡಿ.

ನಮ್ಮ ಮನೆಯಲ್ಲಿ ಯಾರೇ ಆಕಳಿಸಿದರೂ ಬಾಯಿಯ ಮುಂದೆ ಚಿಟಿಕೆ ಹೊಡೆದು “ಶಿವ ಶಿವಾ” ಅನ್ನಬೇಕು. ಹಸುಗೂಸು ಆಕಳಿಸಿದರೆ ಅದರ ಪರವಾಗಿ ದೊಡ್ಡವರು ಹೊಡೆಯಬೇಕು. ನಾಯಿಗೂ ಚಿಟಿಕೆ ಹೊಡೆಯಲು ಬರುವುದಿಲ್ಲವಲ್ಲ. ಹಾಗಾಗಿ ಅದು ಬಾಯಿ ತೆರೆದ ಕೂಡಲೆ ಮಾವ, ಅತ್ತೆ, ಗುಮಾಸ್ತ, ಹಮಾಲರು ಎಲ್ಲರೂ ಅದರ ಮೂತಿಯ ಮುಂದೆ ಬಗ್ಗಿ ಚಟಚಟ ಚಿಟಿಕೆ ಹೊಡೆದು “ಶಿವ ಶಿವಾ” ಅನ್ನುತ್ತಿದ್ದರು. ಅದು ಬೆಚ್ಚಿಬಿದ್ದು ಮತ್ತೆ ಆಕಳಿಸುತ್ತಿತ್ತು. ಇವರು ಮತ್ತೆ ಹೊಡೆಯುತ್ತಿದ್ದರು. ಒಂದೊಂದು ದಿನ ಇದು ಹಮಾಲರಿಗೂ ಅಂಟಿಕೊಂಡು, ಇಡೀ ಮಂಡಿ ಆಕಳಿಸುತ್ತ ಚಿಟಿಕೆ ಹೊಡೆಯುತ್ತ ಕೆಲಸ ನಿಂತುಹೋಗುತ್ತಿತ್ತು.

“ಇಷ್ಟು ಲಕ್ಷಣವಾಗಿರೋ ನಾಯಿ, ಬೀದಿಯವರ ಕಣ್ಣೆಲ್ಲ ಇದರ ಮೇಲೇ ಬಿದ್ದದೆ. ದೃಷ್ಟಿ ಆಗ್ದೆ ಇನ್ನೇನಾದೀತು?” ಎಂದರು ಅತ್ತೆ. ಉಪ್ಪು, ಸಾಸಿವೆ, ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ನಾಯಿಗೆ ಮೂರು ಸುತ್ತು ನಿವಾಳಿಸಿ ಕೆಂಡಕ್ಕೆ ಹಾಕಿದರು. ಘಾಟು ಬರದಿದ್ದರೆ ದೃಷ್ಟಿ ತಾಗಿತ್ತು ಎಂದು ಅರ್ಥ. ಆದರೆ ಮನೆಯ ಮಂಡಿಯಲ್ಲೇ ಆರಿಸಿ ತಂದ ಗುಂಟೂರು ಕಾಯಿ ಅದು, ಯಾವ ದೃಷ್ಟಿಗೂ ಸೋಲುವ ಜಾತಿಯದಲ್ಲ. ಉಪ್ಪು ಚಟಪಟ ಸಿಡಿಯಿತು, ಹೊಗೆ ಕವಿಯಿತು. ಮೇಜರ್ ಹಗ್ಗ ಕಿತ್ತುಕೊಂಡು ಒಳಗೆ ಓಡಿ ನಮ್ಮ ಮದುವೆಯ ಹೊಸ ಮಂಚದ ಕೆಳಗೆ ತೂರಿ, ಎರಡು ದಿನ ಹೊರಗೆ ಬರಲಿಲ್ಲ. ನನ್ನ ಯಜಮಾನರು ಆ ಎರಡು ದಿನ ಜಗಲಿಯ ಮೇಲೆ ಮಲಗಿದರು. ಅವರಿಗೆ ನಾಯಿ ಅಂದರೆ ಭಯ; ಆದರೆ ಅದನ್ನು ಸೆಖೆ ಅಂತ ಹೇಳಿದರು, ಮಾರ್ಗಶಿರದ ಚಳಿಯಲ್ಲಿ.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಒಂದು ದಿನ ತಮಿಳುನಾಡಿನ ಕಡೆಯ ದೊಡ್ಡ ವ್ಯಾಪಾರಿಯೊಬ್ಬ ಬಂದ. ಆಗೆಲ್ಲ ಬೆಲೆಯನ್ನು ಬಾಯಲ್ಲಿ ಹೇಳುತ್ತಿರಲಿಲ್ಲ; ಇಬ್ಬರ ಕೈ ಮೇಲೂ ಟವೆಲ್ಲು ಹಾಕಿ, ಅದರ ಕೆಳಗೆ ಬೆರಳು ಹಿಡಿದು ವ್ಯವಹಾರ ಕುದುರಿಸುತ್ತಿದ್ದರು. ಮಾವನೂ ಅವನೂ ಟವೆಲ್ಲಿನ ಕೆಳಗೆ ಬಹಳ ಹೊತ್ತು ಬೆರಳು ಹಿಸುಕಾಡಿ, ಇನ್ನೇನು ಇಬ್ಬರ ಮುಖದಲ್ಲೂ ನಗೆ ಬರಬೇಕು, ಮೇಜರ್ ಸೀನಿದ. ಒಂದೇ ಒಂದು ಸೀನು. ಎರಡು ಸೀನಿದ್ದರೆ ಬಾಧಕವಿರಲಿಲ್ಲ. ಒಂಟಿ ಸೀನು ಕೇಳಿದ ವ್ಯಾಪಾರಿ ಬಿಸಿ ತಾಗಿದವನ ಹಾಗೆ ಕೈ ಎಳೆದುಕೊಂಡು, ಟವೆಲ್ಲು ಕೊಡವಿ ಹೊರಟೇ ಹೋದ.

ಆ ಸಂಜೆ ಮಾವ “ಹೂಂ”, “ಹ್ಞಾ”ಗಳನ್ನು ಬಿಟ್ಟು ಪೂರಾ ಮಾತಾಡಿದರು. “ಕಾಯೋದಿಲ್ಲ, ಬೊಗಳೋದಿಲ್ಲ. ಹೊತ್ತಿಲ್ಲ ಗೊತ್ತಿಲ್ಲ, ಆಕಳಿಸ್ತದೆ. ಬಂದ ಗಿರಾಕಿನೂ ಓಡಿಸ್ಬುಡ್ತು. ಶಿವರಾತ್ರಿವರೆಗೂ ನೋಡ್ತೀನಿ. ಅಷ್ಟರಲ್ಲಿ ಬಾಗಿಲಲ್ಲಿ ಗಂಡಸಿನ ಹಾಗೆ ಕೂತ್ರೆ ಸರಿ. ಇಲ್ದಿದ್ರೆ ಮಾರನೇ ದಿನ ಲಾರಿಗೆ ಹಾಕಿ ತೋಟಕ್ಕೆ ಕಳಿಸ್ಬುಡ್ತೀನಿ.”

ತೋಟ ಅಂದರೆ ನಂಜನಗೂಡಿನ ಆಚೆ ಕಾಡಂಚಿನಲ್ಲಿದ್ದ ಜಮೀನು. ಅಲ್ಲಿ ಕಾವಲಿಗಿದ್ದ ಹಿಂದಿನ ಎರಡು ನಾಯಿಗಳನ್ನೂ ಚಿರತೆ ಹೊತ್ತುಕೊಂಡು ಹೋಗಿತ್ತು. ಅವು ಜೋರು ನಾಯಿಗಳು. ನಮ್ಮ ಮೇಜರ್ ಚಿರತೆಯ ಮುಂದೆ ನಿಂತು ಆಕಳಿಸುವುದನ್ನು ನೆನೆದು ನನಗೆ ಅನ್ನ ಸೇರಲಿಲ್ಲ. ರಾತ್ರಿ ಯಜಮಾನರ ಹತ್ತಿರ ಅತ್ತುಕೊಂಡೆ. ಮಾರನೆಯ ದಿನ ಅವರು ಚಿಕ್ಕೇಗೌಡರನ್ನು ಕರೆತಂದರು.

ಚಿಕ್ಕೇಗೌಡರದು ನಮ್ಮ ಬೀದಿಯ ಕೊನೆಯಲ್ಲಿ ಸೈಕಲ್ ರಿಪೇರಿ ಅಂಗಡಿ. ಹಳ್ಳಿಯ ಒಕ್ಕಲು ಮನೆಯಿಂದ ಯುದ್ಧಕ್ಕೆ ಸೇರಿ ಬರ್ಮಾ ಗಡಿವರೆಗೆ ಹೋಗಿಬಂದವರು. ಅಲ್ಲಿ ಅವರಿಗೆ ಬಂದೂಕಿಗಿಂತ ಹೆಚ್ಚಾಗಿ ಸೈನ್ಯದ ನಾಯಿಗಳ ಹಗ್ಗ ಹಿಡಿಯುವ ಕೆಲಸವೇ ಸಿಕ್ಕಿತ್ತಂತೆ. ಹಿತ್ತಲಿಗೆ ಬಂದು, ನನ್ನ ಸೀರೆಯ ಹಿಂದಿನಿಂದ ಇಣುಕಿದ ನಾಯಿಯನ್ನು ನೋಡದವರಂತೆ ಬೇರೆ ಕಡೆ ತಿರುಗಿ ಕುಕ್ಕರಗಾಲಲ್ಲಿ ಕೂತರು.

“ಏನವ್ವಾ ಇದ್ರ ಹೆಸ್ರು?”

“ಮೇಜರ್.”

ಚಿಕ್ಕೇಗೌಡರು ದಡಬಡಿಸಿ ಎದ್ದು ನಿಂತರು. “ಆರು ವರ್ಷ ಸಿಪಾಯಿ ಆಗಿದ್ದೋನು ನಾನು. ಮೇಜರ್‌ಗೆ ನಾನು ಎಂಗವ್ವಾ ಹುಕುಂ ಕೊಡ್ಲಿ? ನೀವೇ ಕೊಡ್ಬೇಕು. ಅನ್ನ ಹಾಕೋರ ಮಾತೇ ನಾಯಿ ಕೇಳೋದು.”

ಹಾಗೆ, ಮಾವನ ಮುಂದೆ ತಲೆ ಎತ್ತದ ನಾನು ನಾಯಿ ಪಳಗಿಸುವವಳಾದೆ.

ಅವರು ಮೊದಲ ಮೂರು ದಿನ ನಾಯಿಗೆ ಏನನ್ನೂ ಕಲಿಸಲಿಲ್ಲ, ನನಗೆ ಕಲಿಸಿದರು. “ನಾಯಿ ಬಾಯಲ್ಲಿ ಮಾತಾಡಕಿಲ್ಲ ಕಣವ್ವ, ಮೈಯಲ್ಲಿ ಮಾತಾಡ್ತದೆ. ಆಕಳಿಸ್ತು ಅಂದ್ರೆ ನಿದ್ದೆ ಅಲ್ಲ, ಪುಕಪುಕ ಅಂತದೆ ಅಂತ. ಬಾಯಲ್ಲಿ ಏನೂ ಇಲ್ದೆ ತುಟಿ ನೆಕ್ಕೊಂತಾ? ಅದೂ ಅಂಗೇ. ಮಕ ತಿರುಗಿಸ್ತಾ? ಮುಂಗಾಲು ಒಂದ ಎತ್ಕೊಂಡು ನಿಂತ್ಕತಾ? ನೀರಲ್ಲಿ ನೆನೀದೆ ಇದ್ರೂ ಮೈ ಒದರ್ತಾ? ಎಲ್ಲಾ ಒಂದೇ ಮಾತು. ‘ನಂಗೆ ಆಯ್ತಾ ಇಲ್ಲ, ವಸಿ ದೂರ ಬುಡಿ’ ಅಂತ ಬೇಡ್ಕತಾ ಅದೆ. ಆಗ ದಿಟ್ಟಿಸಿ ನೋಡ್ಬಾರ್ದು, ಮೇಲೆ ಬಗ್ಗಬಾರ್ದು, ಗದರಬಾರ್ದು. ಪಕ್ಕಕ್ಕೆ ತಿರುಗಿ ಸುಮ್ಕೆ ಕೂತ್ಕಬೇಕು.”

ನಾನು ಹಗ್ಗ ಹಿಡಿದಾಗ ಅವರು ನಾಯಿಯನ್ನಲ್ಲ, ನನ್ನ ಕೈಯನ್ನು ನೋಡುತ್ತಿದ್ದರು. “ನಿಮ್ಮ ಕೈ ನಡುಗ್ತಾ ಅದೆ ಕಣವ್ವ. ಆ ನಡುಕ ಹಗ್ಗದಲ್ಲೇ ಹೋಗಿ ಅದ್ರ ಕತ್ತಿಗೆ ಮುಟ್ತದೆ. ಮೊದ್ಲು ನೀವು ಉಸಿರು ಬುಡಿ.” ಉಸಿರು ಬಿಡು ಎಂದು ಆ ಮನೆಯಲ್ಲಿ ನನಗೆ ಮೊದಲು ಹೇಳಿದವರು ಅವರೇ. ನಾನು ಅಲ್ಲೇ ಕಲ್ಲಿನ ಮೇಲೆ ಕೂತು ಒಂದು ಗಳಿಗೆ ಅತ್ತುಬಿಟ್ಟೆ, ಈ ಸಲ ಮೆಣಸಿನಕಾಯಿಯ ನೆವವೂ ಇರಲಿಲ್ಲ. ಮೇಜರ್ ಬಂದು ಪಕ್ಕಕ್ಕೆ ತಿರುಗಿ ಸುಮ್ಮನೆ ಕೂತ. ಚಿಕ್ಕೇಗೌಡರ ಪಾಠ ನನಗಿಂತ ಮೊದಲು ಅವನಿಗೇ ಹತ್ತಿತ್ತು.

ಕಷ್ಟ ಬಂದದ್ದು ಚಿಟಿಕೆಯಿಂದ. ಇನ್ನು ಮೇಲೆ ಯಾರೂ ನಾಯಿಯ ಮುಂದೆ ಚಿಟಿಕೆ ಹೊಡೆಯಬಾರದು, ಹೊಗೆ ಹಾಕಬಾರದು ಎಂದರು ಚಿಕ್ಕೇಗೌಡರು. ಹೊಗೆಯನ್ನು ಅತ್ತೆ ಬಿಟ್ಟರು. ಚಿಟಿಕೆ ಬಿಡುವುದಾದರೂ ಹೇಗೆ? ಹುಟ್ಟಿದಾಗಿನಿಂದ ಬಂದ ಅಭ್ಯಾಸ. ನಾಯಿ ಬಾಯಿ ತೆರೆದರೆ ಅತ್ತೆ ತಮ್ಮ ಬಲಗೈಯನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದುಕೊಂಡು ಒದ್ದಾಡುವರು, ಅಷ್ಟರಲ್ಲಿ ಎಡಗೈಯೇ ಹೊಡೆದುಬಿಡುತ್ತಿತ್ತು. ಮಾವನ ಮುಂದೆ ಈ ಮಾತೆತ್ತಲು ಯಾರಿಗೂ ಧೈರ್ಯವಿರಲಿಲ್ಲ.

ಚಿಕ್ಕೇಗೌಡರು ಒಂದು ದಿನ ಬೀಡಿ ಸೇದುತ್ತ ಯೋಚಿಸಿ, “ಮನುಷ್ಯರನ್ನ ತಿದ್ದಕಾಗಲ್ಲ, ನಾಯಿನೇ ತಿದ್ದುವ. ಚಿಟಿಕೆ ಹೊಡೆದಾಗೆಲ್ಲ ಒಂದು ಚೂರು ಮಾಂಸ ಕೊಡಿ” ಎಂದರು. ಅತ್ತೆ “ಶಿವ ಶಿವಾ” ಎಂದು ಕಿವಿ ಮುಚ್ಚಿಕೊಂಡರು. ನಮ್ಮದು ಲಿಂಗಪೂಜೆಯ ಮನೆ, ಮಾಂಸದ ಹೆಸರೂ ಎತ್ತುವಂತಿರಲಿಲ್ಲ. ಕೊನೆಗೆ ಒಣ ಕೊಬ್ಬರಿ ಗೊತ್ತಾಯಿತು. ನಾನು ದೂರದಲ್ಲಿ ನಿಂತು ಮೆಲ್ಲಗೆ ಚಿಟಿಕೆ, ಕೂಡಲೆ ಕೊಬ್ಬರಿ ಚೂರು. ಸ್ವಲ್ಪ ಹತ್ತಿರ ಬಂದು ಚಿಟಿಕೆ, ಕೊಬ್ಬರಿ. ಹದಿನೈದು ದಿನಕ್ಕೆಲ್ಲ ಚಿಟಿಕೆ ಕೇಳಿದರೆ ಬೆಚ್ಚುವ ಬದಲು ಮೇಜರ್ ಬಾಲ ಆಡಿಸಿಕೊಂಡು ಬಂದು ಹೊಡೆದವರ ಮುಂದೆ ಕೂರತೊಡಗಿದ. ಮಧ್ಯಾಹ್ನ ಊಟವಾಗಿ ಮಂಡಿಯಲ್ಲಿ ಎಲ್ಲರೂ ಆಕಳಿಸುವ ಹೊತ್ತಿಗೆ ಒಬ್ಬೊಬ್ಬರ ಮುಂದೆಯೂ ಹೋಗಿ ಹಾಜರಿ ಹಾಕುತ್ತಿದ್ದ. ಹಮಾಲರು ಸೊಂಟದಲ್ಲಿ ಎಲೆಅಡಿಕೆಯ ಜೊತೆ ಕೊಬ್ಬರಿಯನ್ನೂ ಸಿಕ್ಕಿಸಿಕೊಂಡು ಬರುವುದು ರೂಢಿಯಾಯಿತು.

ಚೀಲದ ಸದ್ದು, ತಕ್ಕಡಿಯ ಸದ್ದಿಗೂ ಇದೇ ಉಪಾಯ. ಮೊದಲು ಹಿತ್ತಲಿನಿಂದ ಕೇಳಿಸುವುದು, ಆಮೇಲೆ ಅಂಗಳದಿಂದ, ಆಮೇಲೆ ನಡುಬಾಗಿಲಿನಿಂದ. ಅವನು ತುಟಿ ನೆಕ್ಕಿದರೆ ಎರಡು ಹೆಜ್ಜೆ ಹಿಂದೆ. ಮಾಘ ಮಾಸ ಬರುವ ಹೊತ್ತಿಗೆ ಮೇಜರ್ ಮಂಡಿಯ ಬಾಗಿಲಲ್ಲಿ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿದ್ದ. ನನಗೆ ಹಬ್ಬದ ಸಂತೋಷ.

ಮಾವ ನೋಡಿ, “ಕೂತದೆ, ಸರಿ. ಬೊಗಳ್ತದಾ?” ಎಂದರು. ಬೊಗಳುತ್ತಿರಲಿಲ್ಲ. “ಜನ ಗುಂಪು ಕಟ್ಟಿದ್ರೆ ಈಗಲೂ ಒಳಕ್ಕೆ ಓಡ್ತದೆ. ಕೊಬ್ಬರಿ ತಿನ್ನಕ್ಕೆ ಇಷ್ಟು ದೊಡ್ಡ ನಾಯಿ ಯಾಕಮ್ಮ, ಇಲಿ ಸಾಕು. ಲಾರಿಯವನಿಗೆ ಹೇಳಾಯ್ತು.” ಶಿವರಾತ್ರಿಗೆ ಮೂರು ವಾರವಿತ್ತು.

ಅದೇ ದಿನಗಳಲ್ಲಿ ಮಾವನಿಗೆ ಏನೋ ಆಗಿತ್ತು. ಊಟಕ್ಕೆ ಕೂತರೆ ಆಕಳಿಸುವರು. ಬಾಯಲ್ಲಿ ತುತ್ತಿಲ್ಲದಿದ್ದರೂ ತುಟಿ ನೆಕ್ಕಿಕೊಳ್ಳುವರು. ಯಜಮಾನರು “ಅಪ್ಪಾಜಿ, ಸಭೆಗೆ...” ಎಂದು ಬಾಯಿ ತೆರೆದರೆ ಮುಖ ತಿರುಗಿಸಿ, ಮೈ ಒದರಿ ಶಲ್ಯ ಸರಿಮಾಡಿಕೊಳ್ಳುವರು. ದೇವರ ಕೋಣೆಯ ಮುಂದೆ ಒಂದು ಕಾಲು ಎತ್ತಿ ಇನ್ನೊಂದಕ್ಕೆ ಉಜ್ಜಿಕೊಂಡು ಬಹಳ ಹೊತ್ತು ನಿಂತಿರುವರು. “ಇವರಿಗೂ ದೃಷ್ಟಿಯೇ” ಎಂದು ಅತ್ತೆ ಕೆಂಡ ತಂದರು. ನಾನು ಮಾತ್ರ ಕೈಯಲ್ಲಿದ್ದ ಪಲ್ಯದ ಸೌಟು ಹಾಗೇ ಹಿಡಿದು ನಿಂತುಬಿಟ್ಟೆ. ಅಯ್ಯೋ, ಇದು ಮೇಜರ್‌ದೇ ಕಾಯಿಲೆ!

ವಿಷಯ ಇಷ್ಟೇ. ಆ ವರ್ಷ ಬೀದಿಯ ವರ್ತಕರು ಮಾವನನ್ನು ತಮ್ಮ ಸಂಘದ ಅಧ್ಯಕ್ಷರನ್ನಾಗಿ ಮಾಡಿದ್ದರು. ಶಿವರಾತ್ರಿಗೆ ಎರಡು ದಿನ ಮುಂಚೆ ವಾರ್ಷಿಕ ಸಭೆ. ದೊಡ್ಡ ಅಧಿಕಾರಿಯೊಬ್ಬರು ಬರುವವರಿದ್ದರು, ಮೈಕಿನ ಮುಂದೆ ನಿಂತು ಮಾವ ಸ್ವಾಗತ ಭಾಷಣ ಓದಬೇಕಿತ್ತು. ಹಮಾಲರನ್ನು ನಡುಗಿಸುವ ಮನುಷ್ಯ ಎರಡು ಹಾಳೆ ಕಾಗದಕ್ಕೆ ನಡುಗುತ್ತಿದ್ದರು. ಅದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಮಂಚದ ಕೆಳಗೆ ತೂರುವ ಸೌಕರ್ಯ ಕೂಡ ಅಧ್ಯಕ್ಷರಿಗೆ ಇಲ್ಲ.

ಹಗ್ಗ ಹಿಡಿದಿದ್ದಾಗ ಚಿಕ್ಕೇಗೌಡರಿಗೆ ಮೆಲ್ಲಗೆ ಹೇಳಿದೆ. ಅವರು ನಗಲಿಲ್ಲ. “ಮೇಜರ್‌ಗೆ ಮಾಡಿದ್ದನ್ನೇ ಮಾಡುವ. ಅವರಿಗೆ ಗೊತ್ತಾಗ್ಬಾರ್ದು, ಅಷ್ಟೇಯ” ಎಂದರು. ಸಂಜೆ ಮಾವನ ಮುಂದೆ ಕೈಕಟ್ಟಿ ನಿಂತರು. “ಯಜಮಾನ್ರೇ, ಒಂದು ಉಪಕಾರ ಆಗ್ಬೇಕು. ನಾಯಿಗೆ ಎಲ್ಲಾ ಆಯ್ತು. ಗಂಡಸಿನ ದೊಡ್ಡ ದನಿಗೆ ಮಾತ್ರ ಇನ್ನೂ ಬೆದರ್ತದೆ. ನನ್ನ ದನಿ ಸಾಲ್ದು. ತಾವು ದಿನಾ ವಸಿ ಹೊತ್ತು ಅದ್ರ ಮುಂದೆ ಗಟ್ಟಿಯಾಗಿ ಏನಾದ್ರೂ ಓದ್ಬುಟ್ರೆ...”

“ನಾಯಿ ಮುಂದೆ ನಾನೇನು ಓದ್ಲಯ್ಯ?”

“ಏನಾದ್ರೂ ಸರಿ ಬುದ್ಧಿ. ಅದಕ್ಕೇನು ಗೊತ್ತಾಯ್ತದೆ?”

ಮಾವ “ಹೂಂ” ಎಂದರು.

ಮಾರನೆಯ ದಿನದಿಂದ ಹಿತ್ತಲಲ್ಲಿ ಮಾವ “ಮಾನ್ಯ ಅತಿಥಿಗಳೇ, ವರ್ತಕ ಬಂಧುಗಳೇ” ಎಂದು ಮೇಜರ್‌ಗೆ ಓದತೊಡಗಿದರು. ಮೊದಲ ದಿನ ಕಾಗದದ ಹಿಂದೆ ಮುಖವೇ ಕಾಣಲಿಲ್ಲ, ದನಿ ಬಾವಿಯೊಳಗಿಂದ ಬಂದಂತಿತ್ತು. ಇಬ್ಬರೂ ಸರದಿಯ ಮೇಲೆ ಆಕಳಿಸಿದರು. ಮಾವ ಇಬ್ಬರ ಪರವಾಗಿಯೂ ಚಿಟಿಕೆ ಹೊಡೆದರು. ನಾನು ನೀರು ಸೇದುವ ನೆವದಲ್ಲಿ ಕೊಬ್ಬರಿ ಎಸೆದೆ. ನಾಲ್ಕನೆಯ ದಿನ ಅತ್ತೆಯನ್ನು ಅವರೆಕಾಯಿ ಸುಲಿಯುವುದಕ್ಕೆ ಹಿತ್ತಲಿನ ಮೂಲೆಯಲ್ಲಿ ಕೂರಿಸಿದೆ, ಪಕ್ಕಕ್ಕೆ ತಿರುಗಿಸಿ. ಎಂಟನೆಯ ದಿನ ಯಜಮಾನರು, ಅವರೂ ಪಕ್ಕಕ್ಕೆ ತಿರುಗಿ. ಆಮೇಲೆ ಚೀಲ ಹೊಲಿಯುವ ಇಬ್ಬರು ಹಮಾಲರು. ಮಾವ ತುಟಿ ನೆಕ್ಕಿದ ದಿನ ಒಬ್ಬರನ್ನು ಎಬ್ಬಿಸಿ ಕಳಿಸುತ್ತಿದ್ದೆ. ಎರಡು ವಾರಕ್ಕೆ ಮಾವ ಕಾಗದ ಕೆಳಗಿಳಿಸಿ, “ಈ ನಮ್ಮ ಬೀದಿಯ ಘನತೆ” ಎನ್ನುವಲ್ಲಿ ಕೈಯನ್ನೂ ಬೀಸಿದರು. ಮೇಜರ್ ಅವರ ಪಾದದ ಮೇಲೆ ಗಲ್ಲ ಇಟ್ಟು ಮಲಗಿದ್ದ.

ಸಭೆಯ ದಿನ ಮಂಡಿಯ ಎದುರಿಗೇ ಬೀದಿಯಲ್ಲಿ ಚಪ್ಪರ. ಕಂಬಕ್ಕೆ ಎರಡು ದೊಡ್ಡ ಸ್ಪೀಕರು. ಹೆಂಗಸರಾದ ನಾವು ಮಂಡಿಯ ಜಗಲಿಯ ಮೇಲೆ, ಮೇಜರ್ ನಮ್ಮ ಹಿಂದೆ. ಕುರ್ಚಿ ತುಂಬಿ ಜನ ನಿಂತಿದ್ದರು. ಅಧಿಕಾರಿಗಳು ಬಂದು ಹಾರ ಹಾಕಿಸಿಕೊಂಡರು. ಮಾವ ಮೈಕಿನ ಮುಂದೆ ನಿಂತರು. ಮೈಕು ಕೀಂಯ್ ಎಂದು ಕಿರುಚಿತು. ಮಾವ ಹಿಂದಕ್ಕೆ ಸರಿದರು. ಕಾಗದ ಬಿಚ್ಚಿದರು, ಮಡಿಸಿದರು. ತುಟಿ ನೆಕ್ಕಿಕೊಂಡರು. ಒಂದು ಕಾಲು ಎತ್ತಿದರು. ಮುನ್ನೂರು ಜನ ಅವರನ್ನೇ ದಿಟ್ಟಿಸಿ ನೋಡುತ್ತಿದ್ದರು, ಅಷ್ಟು ಜನಕ್ಕೂ ಪಕ್ಕಕ್ಕೆ ತಿರುಗಿ ಎಂದು ನಾನು ಹೇಗೆ ಹೇಳಲಿ?

ಮಾವ ಬಾಯಿ ಅಗಲಿಸಿ ಆಕಳಿಸಿದರು. ಅಭ್ಯಾಸ ಬಲದಿಂದ ಕೈ ತಾನಾಗಿ ಮೇಲೆ ಬಂತು. ಮೈಕಿನ ಮುಂದೆಯೇ ಚಿಟಿಕೆ. ಅದು ಎರಡು ಸ್ಪೀಕರಿನಲ್ಲೂ ಠಪ್ ಠಪ್ ಎಂದು ಇಡೀ ಮಂಡಿ ಮೊಹಲ್ಲಾಕ್ಕೆ ಕೇಳಿಸಿತು, ಹಿಂದೆಯೇ “ಶಿವ ಶಿವಾ.”

ಜನ ನಗುವ ಮೊದಲೇ ಮೇಜರ್ ಎದ್ದಿದ್ದ. ಅಷ್ಟು ದೊಡ್ಡ ಚಿಟಿಕೆಯನ್ನು ಅವನು ಜನ್ಮದಲ್ಲಿ ಕೇಳಿರಲಿಲ್ಲ, ಕೊಬ್ಬರಿಯೂ ಅದಕ್ಕೆ ತಕ್ಕ ಹಾಗೆ ಇರಬೇಕೆಂದು ತಿಳಿದಿರಬೇಕು. ಜಗಲಿಯಿಂದ ಹಾರಿ, ಗುಂಪು ಕಂಡರೆ ಓಡುತ್ತಿದ್ದವನು ಗುಂಪಿನ ನಡುವೆಯೇ ಹಾದುಹೋದ. ಜನ ಎರಡು ಪಾಲಾಗಿ ದಾರಿ ಬಿಟ್ಟರು. ಅಧಿಕಾರಿಗಳು ಕುರ್ಚಿಯ ಮೇಲೆ ಕಾಲೆತ್ತಿ ಕೂತರು. ಮೇಜರ್ ವೇದಿಕೆ ಹತ್ತಿ ಮಾವನ ಎದುರಿಗೆ ನೆಟ್ಟಗೆ ಕೂತು ಮುಖ ನೋಡಿದ.

ಮಾವ ಅವನನ್ನು ನೋಡಿದರು. ಹೆಗಲು ಇಳಿಯಿತು, ಉಸಿರು ಬಿಟ್ಟರು. ಆಮೇಲೆ ನಾನು ಕನಸಿನಲ್ಲೂ ಎಣಿಸದ ಒಂದು ಕೆಲಸ ಮಾಡಿದರು. ಕೋಟಿನ ಜೇಬಿಗೆ ಕೈ ಹಾಕಿ ಒಂದು ಚೂರು ಕೊಬ್ಬರಿ ತೆಗೆದು ಅವನ ಬಾಯಿಗೆ ಕೊಟ್ಟರು. ನಾನು ಕೊಟ್ಟಿರಲಿಲ್ಲ, ಅತ್ತೆ ಕೊಟ್ಟಿರಲಿಲ್ಲ. ಅವರ ಜೇಬಿನಲ್ಲಿ ಎಷ್ಟು ದಿನದಿಂದ ಇತ್ತೋ ಶಿವನೇ ಬಲ್ಲ. “ಮಾನ್ಯ ಅತಿಥಿಗಳೇ, ವರ್ತಕ ಬಂಧುಗಳೇ” ಎಂದು ನಾಯಿಯನ್ನೇ ನೋಡುತ್ತ ಶುರುಮಾಡಿದರು. ಕಾಗದ ಬಿಚ್ಚಲೇ ಇಲ್ಲ. “ಈ ನಮ್ಮ ಬೀದಿಯ ಘನತೆ” ಎನ್ನುವಲ್ಲಿ ಕೈ ಬೀಸಿದ ಜೋರಿಗೆ ಮೇಜರ್ ಮೊದಲನೆಯ ಸಲ ಬೊಗಳಿದ. ಜನ ಚಪ್ಪಾಳೆ ತಟ್ಟಿದರು.

ಶಿವರಾತ್ರಿಯ ಮಾರನೆಯ ದಿನ ಬೆಳಗ್ಗೆ ಲಾರಿಯವನು ಬಂದು ನಾಯಿ ಎಲ್ಲಿ ಎಂದು ಕೇಳಿದ. “ಯಾವ ನಾಯಿನಯ್ಯ? ಮುಂದಿನ ವರ್ಷವೂ ಸಭೆ ಇರ್ತದಲ್ಲ, ಗೊತ್ತಾಗಲ್ವೇನು?” ಎಂದು ಮಾವ ಅವನನ್ನೇ ಗದರಿಸಿ ಕಳಿಸಿದರು. ಬಾಗಿಲ ಹಿಂದೆ ನಿಂತಿದ್ದ ನನಗೆ ಕಣ್ಣು ತುಂಬಿ ಬಂತು.

ಮಾವ ಒಳಗೆ ಬಂದು ನನ್ನ ಎದುರಿಗೆ ನಿಂತರು. “ಏನಮ್ಮ, ಹಿತ್ತಲಲ್ಲಿ ದಿನಾ ನೀನೂ ಚಿಕ್ಕೇಗೌಡನೂ ಸೇರಿ ಪಳಗಿಸಿದ್ದು ನಾಯಿನೋ, ನನ್ನನ್ನೋ?”

ಹೌದು ಅನ್ನುವುದೋ, ಅಲ್ಲ ಅನ್ನುವುದೋ? ತುಟಿ ನೆಕ್ಕಿಕೊಂಡೆ, ಸೆರಗು ಸರಿಮಾಡಿಕೊಂಡೆ, ತಡೆಯಲು ಎಷ್ಟು ನೋಡಿದರೂ ಆಗದೆ, ಮಾವನ ಮುಂದೆ, ಇಷ್ಟಗಲ ಬಾಯಿ ತೆರೆದು ಆಕಳಿಸಿಬಿಟ್ಟೆ.

ಮಾವ ನನ್ನನ್ನು ದಿಟ್ಟಿಸಲಿಲ್ಲ. ಮೆಲ್ಲಗೆ ಪಕ್ಕಕ್ಕೆ ತಿರುಗಿ ನಿಂತು, ನನ್ನ ಪರವಾಗಿ ಚಿಟಿಕೆ ಹೊಡೆದು, ಜೇಬಿನಿಂದ ಒಂದು ಚೂರು ಕೊಬ್ಬರಿ ತೆಗೆದು ನನ್ನ ಕೈಗಿಟ್ಟರು.